ಹಡಗಿನಲ್ಲಿ ಬಂದ ಗವರ್ನರ್, ತೀರ್ವೆಯ ಬೆನ್ನಿಗೆ ಬಂದ ಓಟು

ತೊಕ್ಕೊಟ್ಟಿನ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಚುನಾವಣೆಯ ಮಾತು ನಡೆದಿತ್ತು. ಪಂಚಾಯತಿಗೆ ಓಟು, ನಗರಸಭೆಗೆ ಓಟು, ವಿಧಾನಸಭೆಗೆ ಓಟು, ಲೋಕಸಭೆಗೆ ಓಟು ಎಂದು ಒಬ್ಬರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಅವರ ಜೊತೆಗಿದ್ದ ಹಿರಿಯರು ನಡುವೆ ಬಾಯಿ ಹಾಕಿ ಕೇಳಿದರು: ‘ಅದೆಲ್ಲ ಸರಿ ಮಾರಾಯ್ರೆ, ಗವರ್ನರ್ರಿಗೆ ನಾವು ಓಟು ಹಾಕ್ಲಿಕ್ಕೆ ಉಂಟಾ?’ ಮೇಜಿನಲ್ಲಿ ನಗೆ ಎದ್ದಿತು. ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಹೇಳಲಿಲ್ಲ.

ನಗುವಂತಹ ಪ್ರಶ್ನೆಯೇನೂ ಅದಲ್ಲ. ನಮ್ಮ ಸಂವಿಧಾನ ಸಭೆಯೇ ಒಮ್ಮೆ ‘ಉಂಟು’ ಎಂದು ತೀರ್ಮಾನಿಸಿ, ಎರಡು ವರ್ಷ ಕಳೆಯುವುದರೊಳಗೆ ‘ಇಲ್ಲ’ ಎಂದು ತಿದ್ದಿಕೊಂಡ ಪ್ರಶ್ನೆ ಅದು. ಅದಕ್ಕೂ ಮೊದಲು ಮೂರು ದಶಕಗಳ ಕಾಲ ಉಳ್ಳಾಲದಂತಹ ಊರುಗಳು ಆಳುವವನನ್ನು ಆರಿಸುವ ಹಕ್ಕಿನ ಒಂದು ಚೂರನ್ನು ಮಾತ್ರ ಕಂಡಿದ್ದವು. ಆ ಚೂರೂ ಎಲ್ಲರ ಕೈಗೆ ಸಿಕ್ಕಿರಲಿಲ್ಲ.

ಮೊದಲು ಹೊರಗಿನ ಒಂದು ಸಂಗತಿ. ಅಮೆರಿಕದಲ್ಲಿ ರಾಜ್ಯದ ಗವರ್ನರ್ ಎಂದರೆ ಜನರ ಓಟಿನಿಂದ ಗೆದ್ದು ಬಂದವನು. 1910ರ ನವೆಂಬರಿನಲ್ಲಿ ನ್ಯೂಜೆರ್ಸಿ ರಾಜ್ಯದ ಜನ ಕಾಲೇಜು ಮೇಷ್ಟ್ರೊಬ್ಬರನ್ನು ಗವರ್ನರ್ ಆಗಿ ಆರಿಸಿದರು. ಅವರೇ ವುಡ್ರೊ ವಿಲ್ಸನ್. ಎರಡೇ ವರ್ಷಗಳಲ್ಲಿ ದೇಶದ ಅಧ್ಯಕ್ಷರಾಗಿಯೂ ಗೆದ್ದರು. 1924ರ ನವೆಂಬರ್ 4ರಂದು ಅದೇ ದೇಶದ ಎರಡು ರಾಜ್ಯಗಳು ಒಂದೇ ದಿನ ಇಬ್ಬರು ಹೆಂಗಸರನ್ನು ಗವರ್ನರ್ ಹುದ್ದೆಗೆ ಆರಿಸಿದವು. ವಯೋಮಿಂಗ್‌ನಲ್ಲಿ ನೆಲ್ಲಿ ರಾಸ್, ಟೆಕ್ಸಾಸ್‌ನಲ್ಲಿ ಮಿರಿಯಂ ಫರ್ಗ್ಯೂಸನ್. ಒಬ್ಬರ ಗಂಡ ಗವರ್ನರ್ ಆಗಿದ್ದಾಗಲೇ ತೀರಿಕೊಂಡಿದ್ದರು. ಇನ್ನೊಬ್ಬರ ಗಂಡ ಅದೇ ಹುದ್ದೆಯಿಂದ ಹಿಂದೆ ಪದಚ್ಯುತರಾಗಿದ್ದರು. ಗಂಡಂದಿರ ಹೆಸರಿನ ನೆರಳು ಇಬ್ಬರ ಮೇಲೂ ಇತ್ತು ಎನ್ನುವುದು ನಿಜ. ಆದರೂ ಗೆದ್ದವರು ಅವರೇ.

ಆಗ ನಮ್ಮ ಗವರ್ನರ್ ಯಾರು? ಉಳ್ಳಾಲ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಊರು. ನೇತ್ರಾವತಿಯ ಆಚೆ ದಡದಲ್ಲಿ ಮಂಗಳೂರು, ತೆಂಕಣಕ್ಕೆ ಮಂಜೇಶ್ವರ, ಕಾಸರಗೋಡು. ಎಲ್ಲವೂ ಒಂದೇ ಜಿಲ್ಲೆ. ಅರಬ್ಬಿ ಸಮುದ್ರದ ಅಮಿನಿದಿವಿ ದ್ವೀಪಗಳೂ ಇದೇ ಜಿಲ್ಲೆಯ ಲೆಕ್ಕದಲ್ಲಿದ್ದವು. ಇದಕ್ಕೆಲ್ಲ ಮೇಲಿನ ಅಧಿಕಾರಿ ಮದರಾಸಿನ ಗವರ್ನರ್. ಅವರನ್ನು ನೇಮಿಸುತ್ತಿದ್ದದ್ದು ಲಂಡನ್ನು. ಹಡಗು ಹತ್ತಿ ಬರುತ್ತಿದ್ದರು, ಅವಧಿ ಮುಗಿದ ಮೇಲೆ ಹಡಗು ಹತ್ತಿ ಹೋಗುತ್ತಿದ್ದರು.

ಇಲ್ಲೊಂದು ಸ್ವಾರಸ್ಯವಿದೆ. 1919ರಿಂದ 1946ರವರೆಗೆ ಹೀಗೆ ಬಂದ ವಿಲಿಂಗ್ಡನ್, ಗೋಶನ್, ಜಾರ್ಜ್ ಸ್ಟ್ಯಾನ್ಲಿ, ಅರ್‌ಸ್ಕಿನ್, ಆರ್ಥರ್ ಹೋಪ್ ಈ ಐವರೂ ತಮ್ಮ ದೇಶದಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದಿದ್ದವರೇ. ಅಂದರೆ ಓಟು ಕೇಳುತ್ತ ಮನೆಮನೆ ತಿರುಗುವುದು ಏನೆಂದು ಬಲ್ಲವರೇ. ವಿಲಿಂಗ್ಡನ್ ಹೇಸ್ಟಿಂಗ್ಸ್‌ನಲ್ಲೂ ಬಾಡ್ಮಿನ್‌ನಲ್ಲೂ ಗೆದ್ದವರು. 1924ರಲ್ಲಿ ಬಂದ ಗೋಶನ್ ಹನ್ನೊಂದು ವರ್ಷ ಸಂಸದರಾಗಿದ್ದು 1906ರ ಚುನಾವಣೆಯಲ್ಲಿ ಸೋತವರು. ತಮ್ಮೂರಿನ ಮತದಾರರು ಬೇಡವೆಂದವರು ಇಲ್ಲಿ ನಾಲ್ಕು ಕೋಟಿ ಜನರ ಮೇಲೆ ಐದು ವರ್ಷ ಅಧಿಕಾರ ನಡೆಸಿದರು. ಈ ನಾಲ್ಕು ಕೋಟಿ ಜನರಲ್ಲಿ ಒಬ್ಬರನ್ನೂ ಅವರು ಓಟು ಕೇಳಬೇಕಾಗಿರಲಿಲ್ಲ.

ಹಾಗಾದರೆ ಜನರಿಗೆ ಏನೂ ಸಿಗಲಿಲ್ಲವೇ? ಸಿಕ್ಕಿತು. 1919ರ ಭಾರತ ಸರ್ಕಾರ ಕಾಯಿದೆ ಪ್ರಾಂತ್ಯದ ಆಡಳಿತವನ್ನು ಎರಡು ಪಾಲು ಮಾಡಿತು. ಇದನ್ನೇ ‘ದ್ವಿಸರ್ಕಾರ’ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಶಿಕ್ಷಣ, ಆರೋಗ್ಯ, ಸ್ಥಳೀಯ ಆಡಳಿತ, ಬೇಸಾಯ, ಮೀನುಗಾರಿಕೆ ಮುಂತಾದವು ಮಂತ್ರಿಗಳ ಪಾಲಿಗೆ. ಪೊಲೀಸು, ಹಣಕಾಸು, ನ್ಯಾಯ, ಭೂಕಂದಾಯ ಇವು ಗವರ್ನರ್ ಮತ್ತು ಅವರ ಕಾರ್ಯಕಾರಿ ಮಂಡಳಿಯ ಪಾಲಿಗೆ. ಮಂತ್ರಿಗಳನ್ನು ಆರಿಸುವವರೂ ಗವರ್ನರೇ. ಶಾಸನಸಭೆ ತಿರಸ್ಕರಿಸಿದ ವೆಚ್ಚವನ್ನು ‘ಅಗತ್ಯ’ವೆಂದು ಷರಾ ಬರೆದು ಊರ್ಜಿತಗೊಳಿಸುವ ಅಧಿಕಾರವೂ ಅವರಿಗೇ ಇತ್ತು. ಮನೆಯ ಅಡುಗೆ ನಿಮ್ಮದು, ಉಗ್ರಾಣದ ಬೀಗದಕೈ ನಮ್ಮದು ಎಂಬಂತಹ ವ್ಯವಸ್ಥೆ.

ಮದರಾಸು ಶಾಸನಸಭೆಯಲ್ಲಿ 98 ಸದಸ್ಯರು ಚುನಾಯಿತರು. ಇವರಿಗಾಗಿ 1920ರ ನವೆಂಬರಿನಲ್ಲಿ ಮೊದಲ ಚುನಾವಣೆ ನಡೆಯಿತು. ಪ್ರಾಂತ್ಯದ ನಾಲ್ಕು ಕೋಟಿಗೂ ಮಿಕ್ಕಿದ ಜನರಲ್ಲಿ ಓಟಿನ ಹಕ್ಕು ಇದ್ದವರು ಸುಮಾರು ಹನ್ನೆರಡೂವರೆ ಲಕ್ಷ. ನೂರಕ್ಕೆ ಮೂವರು. ಅವರಲ್ಲೂ ಓಟು ಹಾಕಿದ್ದು ಕಾಲುಭಾಗದಷ್ಟು ಮಂದಿ.

ಆ ಮೂವರು ಯಾರು ಎಂಬುದನ್ನು ಉಳ್ಳಾಲದಲ್ಲೇ ನಿಂತು ನೋಡಬೇಕು. ಹಳ್ಳಿಗಾಡಿನಲ್ಲಿ ಓಟಿಗೆ ಬೇಕಾದ ಮುಖ್ಯ ಅರ್ಹತೆ ಭೂಮಿ. ವರ್ಷಕ್ಕೆ ಹತ್ತು ರೂಪಾಯಿಯ ಮೌಲ್ಯಕ್ಕೆ ಕಡಿಮೆಯಿಲ್ಲದ ಭೂಮಿ ಪಟ್ಟೆಯಲ್ಲಿ ಇರಬೇಕು. ಪಟ್ಟಣದಲ್ಲಾದರೆ ಮುನಿಸಿಪಾಲಿಟಿಗೆ ಮೂರು ರೂಪಾಯಿ ತೆರಿಗೆ. ಆದಾಯ ತೆರಿಗೆ ಕಟ್ಟುವವನಿಗೂ ಸೈನ್ಯದಿಂದ ನಿವೃತ್ತನಾದವನಿಗೂ ಹಕ್ಕು ಇತ್ತು. ಹತ್ತು ರೂಪಾಯಿ ಎಂದರೆ ದೊಡ್ಡದೇನಲ್ಲ ಎನ್ನಿಸಬಹುದು. ಆದರೆ ನಮ್ಮ ಜಿಲ್ಲೆಯ ಭೂಮಿಯ ಕಥೆ ಬೇರೆ. ಸರ್ಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ಅವನ ಕೆಳಗೆ ಮೂಲಗೇಣಿಯವನು. ಅದಕ್ಕೂ ಕೆಳಗೆ ಚಾಲಗೇಣಿಯ ಒಕ್ಕಲು. ಧಣಿ ಬೇಡವೆಂದರೆ ವರ್ಷದ ಕೊನೆಗೆ ಗದ್ದೆ ಬಿಟ್ಟು ಏಳಬೇಕಾದವನು. ಉತ್ತು, ಬಿತ್ತು, ಗೇಣಿ ಅಕ್ಕಿ ಅಳೆದು ಕೊಡುವವನು ಈ ಕೊನೆಯವನು. ಅವನ ಹೆಸರಿನಲ್ಲಿ ಪಟ್ಟೆ ಇಲ್ಲ; ಆದ್ದರಿಂದ ಓಟೂ ಇಲ್ಲ. ಗದ್ದೆಯ ಬೆವರು ಒಬ್ಬನದು, ಗದ್ದೆಯ ಓಟು ಇನ್ನೊಬ್ಬನದು.

ಇನ್ನು ಕಡಲ ಬದಿಗೆ ಹೋದರೆ ಪರಿಸ್ಥಿತಿ ಮತ್ತೂ ವಿಚಿತ್ರ. ಮೊಗವೀರರ ಬದುಕು ದೋಣಿ, ಬಲೆಗಳ ಮೇಲೆ. ಕೈರಂಪಣಿ ಬಲೆಯನ್ನು ಹತ್ತಾರು ಮಂದಿ ಸೇರಿ ಎಳೆಯುತ್ತಿದ್ದರು. ಅದಕ್ಕೆ ಹಾಕಿದ ಬಂಡವಾಳ ಒಂದು ಮುಡಿ ಗದ್ದೆಗಿಂತ ಕಡಿಮೆ ಏನಲ್ಲ. ಆದರೆ ಅರ್ಹತೆಯ ಪಟ್ಟಿಯಲ್ಲಿ ಭೂಮಿಗೆ ಜಾಗವಿತ್ತು, ದೋಣಿಗೆ ಇರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಆವೆಮಣ್ಣು ತುಳಿಯುವ ಕೂಲಿಗೂ ಇರಲಿಲ್ಲ. ಮೀನುಗಾರಿಕೆ ಚುನಾಯಿತ ಮಂತ್ರಿಯ ಕೈಗೆ ಬಂದಿತ್ತು ನಿಜ, ಆದರೆ ಆ ಮಂತ್ರಿಯ ಸಭೆಯನ್ನು ಆರಿಸುವವರಲ್ಲಿ ಮೀನು ಹಿಡಿಯುವವನಿರಲಿಲ್ಲ. ಇತ್ತ ಯಾವ ಭೂಕಂದಾಯದ ಬಲದಿಂದ ವರ್ಗದಾರನಿಗೆ ಓಟು ಬಂದಿತ್ತೋ ಅದೇ ಭೂಕಂದಾಯದ ಬಗ್ಗೆ ಅವನು ಆರಿಸಿದ ಮಂತ್ರಿಗೆ ಅಧಿಕಾರವಿರಲಿಲ್ಲ. ಅದು ಗವರ್ನರ್ ಪಾಲಿನದು. ಇಂತಹ ಕಾಯಿದೆ ಬರೆದವರ ಜಾಣ್ಮೆಯನ್ನು ಮೆಚ್ಚಬೇಕೋ ಏನೋ.

ಅರ್ಹತೆ ಇದ್ದವರೂ ಒಟ್ಟಿಗೆ ಓಟು ಹಾಕುವಂತಿರಲಿಲ್ಲ. ಮುಸ್ಲಿಮರಿಗೆ ಬೇರೆ ಕ್ಷೇತ್ರ, ಭಾರತೀಯ ಕ್ರೈಸ್ತರಿಗೆ ಬೇರೆ ಕ್ಷೇತ್ರ, ಉಳಿದವರಿಗೆ ‘ಮುಸ್ಲಿಮೇತರ’ ಎಂಬ ಹೆಸರಿನ ಸಾಮಾನ್ಯ ಕ್ಷೇತ್ರ. ಉಳ್ಳಾಲದ ದರ್ಗಾ, ಸೋಮೇಶ್ವರದ ದೇವಸ್ಥಾನ, ಇಗರ್ಜಿ ಒಂದೇ ಗಾಳಿಯಲ್ಲಿ ಇರುವಂಥವು. ಒಂದೇ ಕಟ್ಟಪುಣಿಯ ಆಚೀಚೆ ತೋಟ ಮಾಡಿಕೊಂಡಿದ್ದ ಮೂವರು ಪಟ್ಟೆದಾರರು ಮೂರು ಬೇರೆ ಬೇರೆ ಅಭ್ಯರ್ಥಿಗಳ ಪಟ್ಟಿ ನೋಡಬೇಕಾಗಿತ್ತು. ನೆರೆಯವನಿಗೆ ಯಾರು ಬೇಕು ಎಂಬುದು ಇವನಿಗೆ ಸಂಬಂಧಿಸಿದ ವಿಷಯವೇ ಆಗಿರಲಿಲ್ಲ. ಈ ಏರ್ಪಾಟಿನ ಫಲ ಮುಂದೆ ದೇಶಕ್ಕೆ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ.

1920ರ ಆಗಸ್ಟ್ 19ರಂದು ಗಾಂಧೀಜಿ ಮಂಗಳೂರಿಗೆ ಬಂದರು, ಜೊತೆಗೆ ಶೌಕತ್ ಅಲಿ. ಅಸಹಕಾರದ ಕರೆ ಹೊತ್ತು ಬಂದಿದ್ದರು: ಬಿರುದು ಬಿಡಿ, ಕೋರ್ಟು ಬಿಡಿ, ಕೌನ್ಸಿಲಿನ ಚುನಾವಣೆ ಬಿಡಿ. ಕಾರ್ನಾಡು ಸದಾಶಿವ ರಾಯರಂತಹ ವಕೀಲರು ವೃತ್ತಿಯನ್ನೂ ಆಸ್ತಿಯನ್ನೂ ಚಳವಳಿಗೆ ಸುರಿದ ಜಿಲ್ಲೆ ಇದು. ಕಾಂಗ್ರೆಸ್ ಚುನಾವಣೆಯಿಂದ ದೂರ ನಿಂತಿತು. ಜಸ್ಟಿಸ್ ಪಕ್ಷ 98ರಲ್ಲಿ 63 ಸ್ಥಾನ ಗೆದ್ದು ಮದರಾಸಿನಲ್ಲಿ ಮೊದಲ ಮಂತ್ರಿಮಂಡಲ ರಚಿಸಿತು. ಓಟು ಇಲ್ಲದವನಿಗೆ ಬಹಿಷ್ಕರಿಸಲು ಏನಿತ್ತು ಎಂಬ ಪ್ರಶ್ನೆ ಆಗ ಯಾರಿಗಾದರೂ ಬಂದಿದ್ದರೆ ಅದು ಉಳ್ಳಾಲದ ದಕ್ಕೆಯಲ್ಲೇ ಬಂದಿರಬೇಕು.

1920ರ ಮತದಾರರೆಲ್ಲ ಗಂಡಸರು. ಇದು ಬೇರೆ ಯಾವ ಊರಿಗಿಂತ ಉಳ್ಳಾಲಕ್ಕೆ ಹೆಚ್ಚು ಅಪಹಾಸ್ಯದ ಮಾತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು ಇದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಈ ಕಡೆ ಬಂದಾಗ ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ಕಂಡ. ಆಕೆ ಬರಿಗಾಲಿನಲ್ಲಿ ನಡೆದು ಕಾಲುವೆ ಅಗೆಯುವ ಕೆಲಸ ನೋಡಲು ಹೊರಟಿದ್ದಳೆಂದು ಬರೆದಿಟ್ಟಿದ್ದಾನೆ. ಚೌಟರ ಮನೆತನದಲ್ಲಿ ಪಟ್ಟ ಬರುತ್ತಿದ್ದದ್ದು ಅಳಿಯಸಂತಾನದ ದಾರಿಯಲ್ಲಿ, ಅಂದರೆ ಹೆಣ್ಣಿನ ಮೂಲಕ. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಆಸ್ತಿಯ ಹಕ್ಕು ಇಪ್ಪತ್ತನೆಯ ಶತಮಾನದಲ್ಲೂ ತಾಯಿಯ ಬಳ್ಳಿಯಲ್ಲೇ ಹರಿಯುತ್ತಿತ್ತು. ವ್ಯವಹಾರ ಸಾಮಾನ್ಯವಾಗಿ ಸೋದರಮಾವ ಯಜಮಾನನ ಕೈಯಲ್ಲಿದ್ದರೂ ಮನೆಯ ಹಿರಿಯಳು ಯಜಮಾನ್ತಿಯಾಗಿ ನಿಲ್ಲುವುದಕ್ಕೆ ಅಡ್ಡಿಯಿರಲಿಲ್ಲ. ಹೆಣ್ಣು ಆಸ್ತಿಯ ಒಡತಿಯಾಗಬಲ್ಲಳು, ಓಟಿನ ಒಡತಿಯಾಗಲಾರಳು. ಇದು ತುಳುನಾಡಿನ ರೂಢಿ ಬರೆದ ನಿಯಮವಲ್ಲ, ಲಂಡನ್ನಿನಲ್ಲಿ ಬರೆದದ್ದು.

ಆ ಕಾಯಿದೆ ಹೆಂಗಸರ ಪ್ರಶ್ನೆಯನ್ನು ಪ್ರಾಂತ್ಯಗಳಿಗೇ ಬಿಟ್ಟಿತ್ತು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡು ಮುಂದಾಳುತನದ ನಿಯೋಗವೊಂದು ಮದರಾಸಿನಲ್ಲಿ ಮಂತ್ರಿ ಮಾಂಟೆಗು ಅವರನ್ನು ಕಂಡು ಹೆಂಗಸರಿಗೂ ಓಟು ಬೇಕೆಂದು ಕೇಳಿತ್ತು. ಅದರ ಹಿಂದೆ ದುಡಿದವರು ಐರ್ಲೆಂಡಿನಿಂದ ಬಂದ ಮಾರ್ಗರೆಟ್ ಕಸಿನ್ಸ್. ಈಕೆ 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿದ್ದರು ಎಂಬುದು ನಮ್ಮವರಿಗೆ ಹೆಚ್ಚು ತಿಳಿದಿಲ್ಲ. 1921ರ ಏಪ್ರಿಲ್ 1ರಂದು ಮದರಾಸು ಶಾಸನಸಭೆ ಹೆಂಗಸರಿಗೆ ಓಟು ಕೊಡುವ ನಿರ್ಣಯ ಅಂಗೀಕರಿಸಿತು. ಬ್ರಿಟಿಷ್ ಭಾರತದ ಪ್ರಾಂತ್ಯಗಳಲ್ಲಿ ಇದೇ ಮೊದಲು. ಆದರೆ ಆಸ್ತಿಯ ಷರತ್ತು ಹಾಗೆಯೇ ಉಳಿಯಿತು. ಓಟು ಹಾಕಬಹುದು, ಆದರೆ ಸ್ಪರ್ಧಿಸಬಾರದು ಎಂಬ ತಡೆಯೂ 1926ರವರೆಗೆ ಇತ್ತು.

ಆ ತಡೆ ಹೋದ ಕೂಡಲೇ ಮಂಗಳೂರಿನಿಂದ ಸ್ಪರ್ಧೆಗೆ ನಿಂತವರು ಕಮಲಾದೇವಿ ಚಟ್ಟೋಪಾಧ್ಯಾಯ. ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಹೆಂಗಸು ಎಂದು ಇವರ ಹೆಸರನ್ನೇ ಹೇಳುತ್ತಾರೆ. ವಯಸ್ಸು ಇಪ್ಪತ್ತಮೂರು. ಕರಕುಶಲ ಕಲೆಗಳ ಕಮಲಾದೇವಿ ಎಂದು ದೇಶವೆಲ್ಲ ಬಲ್ಲ ಈ ಹೆಂಗಸು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು, ತಾಯಿ ಗಿರಿಜಾಬಾಯಿ. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೆ ಸಿಕ್ಕಿದ್ದು ಜೀವನಾಂಶದ ಮಾತು ಮಾತ್ರ. ಆಕೆ ಅದನ್ನು ಬೇಡವೆಂದರು.

ಅಳಿಯಸಂತಾನದ ಮನೆಯ ಹುಡುಗಿಗೆ ತಾಯಿಯ ಮನೆಯಲ್ಲಿ ಇರುವ ಹಕ್ಕು ಹುಟ್ಟಿನಿಂದಲೇ ಬರುತ್ತಿತ್ತು. ಅದೇ ಪೇಟೆಯ ಸಾರಸ್ವತ ಮನೆಯ ವಿಧವೆಗೆ ಗಂಡ ತೀರಿದ ಮರುದಿನ ಮನೆಯೇ ತನ್ನದಲ್ಲ. ಆಸ್ತಿ ಇದ್ದವರಿಗೆ ಮಾತ್ರ ಓಟು ಎಂದಾಗ ಈ ಎರಡನೆಯ ಹೆಂಗಸು ಎಲ್ಲಿ ನಿಲ್ಲಬೇಕು? ಕಮಲಾದೇವಿ ಮುಂದೆ ಹೆಂಗಸರ ಆಸ್ತಿ ಹಕ್ಕಿಗಾಗಿ ಬಿಡದೆ ವಾದಿಸಿದ್ದರ ಬೇರು ಈ ಮನೆಯಲ್ಲಿದೆ ಎಂದರೆ ತಪ್ಪಾಗಲಾರದು. ಆಕೆ ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವಿಧವೆಯಾಗಿ, ಮತ್ತೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದವರು. ಜಾತಿ ಬೇರೆ, ಭಾಷೆ ಬೇರೆ, ಅದರ ಮೇಲೆ ವಿಧವಾ ವಿವಾಹ. 1926ರ ಮಂಗಳೂರಿನಲ್ಲಿ ಇಂತಹ ಹೆಂಗಸು ಓಟು ಕೇಳುವುದೆಂದರೆ ಸಣ್ಣ ಎದೆಗಾರಿಕೆಯಲ್ಲ. ಅದೂ ಕೇಳಬೇಕಾದದ್ದು ಯಾರ ಬಳಿ? ಪಟ್ಟೆದಾರರ ಬಳಿ, ವರ್ತಕರ ಬಳಿ, ತೆರಿಗೆ ಕಟ್ಟುವ ಮನೆ ಯಜಮಾನರ ಬಳಿ.

ಸ್ಪರ್ಧೆಗೆ ಒತ್ತಾಯಿಸಿದವರು ಮಾರ್ಗರೆಟ್ ಕಸಿನ್ಸ್. ಪ್ರಚಾರಕ್ಕೂ ಅವರೇ ಜೊತೆಯಾದರು. ಸಮಯ ಬಹಳ ಕಡಿಮೆ ಇತ್ತು. ಹಳ್ಳಿಗಾಡಿನ ಕ್ಷೇತ್ರವೆಂದರೆ ಆಗ ಸಾಮಾನ್ಯವಾಗಿ ಇಡೀ ಜಿಲ್ಲೆ. ನಮ್ಮ ಜಿಲ್ಲೆಯಲ್ಲಿ ನಾಲ್ಕು ಮೈಲಿಗೊಂದು ಹೊಳೆ, ಹೊಳೆಗೊಂದು ಕಡವು. 1907ರಲ್ಲಿ ರೈಲು ಬಂದದ್ದರಿಂದ ನೇತ್ರಾವತಿಯ ಸೇತುವೆ ದಾಟಿ ಉಳ್ಳಾಲ, ಕಾಸರಗೋಡಿನ ಕಡೆ ಹೋಗುವುದು ಸುಲಭವಾಗಿತ್ತು. ಬಡಗಣ ದಿಕ್ಕಿಗೆ ಆ ಸೌಕರ್ಯವೂ ಇರಲಿಲ್ಲ.

ಕಮಲಾದೇವಿ ಸೋತರು. ಅಂತರ 55 ಮತ ಎಂದು ಬರೆದವರಿದ್ದಾರೆ, ಇನ್ನೂರರ ಹತ್ತಿರ ಎಂದವರೂ ಇದ್ದಾರೆ. ಯಾವುದೇ ಇರಲಿ, ಕೂದಲೆಳೆಯ ಅಂತರ. ಹೆಣ್ಣಿನ ಹೆಸರಿಗೆ ಆಸ್ತಿ ಇರುವ ಮನೆಗಳು ಈ ಕರಾವಳಿಯಲ್ಲಿ ನೂರಾರು ಇದ್ದವಲ್ಲ. ಯಜಮಾನನ ಹೆಸರಿನಲ್ಲಿದ್ದ ಪಟ್ಟೆಗಳಲ್ಲಿ ಕೆಲವಾದರೂ ಯಜಮಾನ್ತಿಯರ ಹೆಸರಿನಲ್ಲಿ ಇದ್ದಿದ್ದರೆ ಆ ಅಂತರ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವ ಆಸೆ ನನಗೂ ಆಗಿದೆ. ಆದರೆ ಓಟು ಇದ್ದ ಹೆಂಗಸರು ಹೆಂಗಸಿಗೇ ಹಾಕುತ್ತಿದ್ದರೆಂದು ಯಾವ ಧೈರ್ಯದಿಂದ ಹೇಳುವುದು?

ಅದೇ ಹೊತ್ತಿಗೆ ಮದರಾಸಿನಲ್ಲಿ ಇನ್ನೊಂದು ಘಟನೆ ನಡೆಯಿತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಸರ್ಕಾರ ಶಾಸನಸಭೆಗೆ ನಾಮಕರಣ ಮಾಡಿತು. 1927ರಲ್ಲಿ ಆಕೆ ಸಭೆಯ ಉಪಾಧ್ಯಕ್ಷೆಯಾದರು. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿ ಹೆಸರಾದರು. ಮತದಾರರ ಬಾಗಿಲಿನಿಂದ ಹೋಗಲಾಗದ ಹೆಣ್ಣು ಗವರ್ನರರ ಬಾಗಿಲಿನಿಂದ ಒಳಗೆ ಹೋದಳು. ನಾಮಕರಣವೆಂದರೆ ಕೆಟ್ಟದ್ದು, ಚುನಾವಣೆಯೆಂದರೆ ಒಳ್ಳೆಯದ್ದು ಎಂದು ಗೆರೆ ಎಳೆದು ಹೇಳುವವರಿಗೆ ಇದು ಸ್ವಲ್ಪ ಕಷ್ಟದ ಉದಾಹರಣೆ.

1935ರ ಕಾಯಿದೆ ಮತದಾರರ ಸಂಖ್ಯೆಯನ್ನು ಹೆಚ್ಚಿಸಿತು, ದ್ವಿಸರ್ಕಾರವನ್ನು ಪ್ರಾಂತ್ಯಗಳಿಂದ ತೆಗೆಯಿತು. 1937ರಲ್ಲಿ ಕಾಂಗ್ರೆಸ್ ಮದರಾಸಿನಲ್ಲಿ ಗೆದ್ದಿತು. ಗೆದ್ದರೂ ಗವರ್ನರ್ ತನ್ನ ವಿಶೇಷಾಧಿಕಾರ ಚಲಾಯಿಸುವುದಿಲ್ಲ ಎಂಬ ಭರವಸೆ ಬೇಕೆಂದು ಪಟ್ಟು ಹಿಡಿಯಿತು. ರಾಜಾಜಿ ಅಧಿಕಾರ ವಹಿಸಿಕೊಳ್ಳುವಾಗ ಜುಲೈ ಬಂದಿತ್ತು. ಓಟಿನಿಂದ ಬಂದವರಿಗೂ ನೇಮಕದಿಂದ ಬಂದವರಿಗೂ ನಡುವಿನ ಜಗಳ ಇಂದು ನಿನ್ನೆಯದಲ್ಲ.

ಈ ಅನುಭವ ಉಂಡವರೇ ಸ್ವತಂತ್ರ ಭಾರತದ ಸಂವಿಧಾನ ಬರೆಯಲು ಕುಳಿತರು. 1947ರ ಜುಲೈ 15ರಂದು ಸರ್ದಾರ್ ಪಟೇಲರು ಪ್ರಾಂತ್ಯಗಳ ಮಾದರಿ ಸಂವಿಧಾನದ ವರದಿಯನ್ನು ಸಭೆಯ ಮುಂದಿಟ್ಟರು. ಪ್ರತಿ ಪ್ರಾಂತ್ಯದ ಗವರ್ನರನ್ನು ವಯಸ್ಕರೆಲ್ಲರೂ ನೇರವಾಗಿ ಓಟು ಹಾಕಿ ಆರಿಸಬೇಕು ಎಂಬುದು ಅದರ ಸಲಹೆ. ಸಭೆ ಅದನ್ನು ಒಪ್ಪಿಯೂ ಒಪ್ಪಿತು. ಹಡಗಿನಲ್ಲಿ ಬಂದು ಇಳಿಯುವ ಗವರ್ನರರನ್ನು ಅಷ್ಟು ಕಾಲ ಕಂಡವರಿಗೆ ಇದಕ್ಕಿಂತ ಸಹಜವಾದ ಉತ್ತರ ಬೇರೆ ಇರಲಿಲ್ಲ.

ಈ ನಿರ್ಧಾರಗಳನ್ನು ಕಾಯಿದೆಯ ಭಾಷೆಗೆ ಇಳಿಸಿ ಮೊದಲ ಕರಡು ಸಿದ್ಧಪಡಿಸಿದವರು ಸಭೆಯ ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಹುಡುಗ. 1948ರ ಫೆಬ್ರವರಿಯಲ್ಲಿ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಎರಡು ದಾರಿಗಳನ್ನು ತೋರಿಸಿತು: ನೇರ ಚುನಾವಣೆ ಅಥವಾ ಶಾಸಕರು ನಾಲ್ವರ ಹೆಸರು ಆರಿಸಿ ಕಳಿಸಿ ಅವರಲ್ಲೊಬ್ಬರನ್ನು ರಾಷ್ಟ್ರಪತಿ ನೇಮಿಸುವುದು. ಕೊನೆಗೆ ಎರಡೂ ಉಳಿಯಲಿಲ್ಲ. 1949ರ ಮೇ 30, 31ರಂದು ಚರ್ಚೆ ನಡೆದು, ರಾಷ್ಟ್ರಪತಿಯೇ ನೇಮಿಸಲಿ ಎಂಬ ಬ್ರಜೇಶ್ವರ ಪ್ರಸಾದರ ತಿದ್ದುಪಡಿ ಅಂಗೀಕಾರವಾಯಿತು. ನೆಹರೂ ಇದರ ಪರವಾಗಿ ಮಾತನಾಡಿದರು.

ಕಾರಣಗಳು ಹಗುರವಾದವಲ್ಲ. ಇಡೀ ಪ್ರಾಂತ್ಯದ ಜನ ಓಟು ಹಾಕಿ ಕಳಿಸಿದ ಗವರ್ನರ್ ಸುಮ್ಮನೆ ಸಹಿ ಹಾಕುತ್ತ ಕೂರುವನೇ? ಮುಖ್ಯಮಂತ್ರಿ ಗೆದ್ದಿರುವುದು ಒಂದು ಕ್ಷೇತ್ರದಲ್ಲಿ, ತಾನು ಗೆದ್ದಿರುವುದು ಇಡೀ ಪ್ರಾಂತ್ಯದಲ್ಲಿ ಎನ್ನುವುದಿಲ್ಲವೇ? ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟಂತೆ. ದೇಶ ವಿಭಜನೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಪ್ರಾಂತ್ಯಗಳು ಕೇಂದ್ರದಿಂದ ದೂರ ಸರಿಯುವ ಭಯ ಎಲ್ಲರ ಮನಸ್ಸಿನಲ್ಲಿತ್ತು. ಆದರೂ ನೇಮಕದ ಗವರ್ನರ್ ದೆಹಲಿಯ ಮನುಷ್ಯನಾಗಿಬಿಡುತ್ತಾನೆ ಎಂಬ ಎಚ್ಚರಿಕೆಯನ್ನು ಆಗಲೇ ಕೆಲವರು ಹೇಳಿದ್ದರು. ನಂತರದ ದಶಕಗಳಲ್ಲಿ ರಾಜಭವನದ ಸುತ್ತ ಎದ್ದ ವಿವಾದಗಳನ್ನು ನೋಡಿದವರಿಗೆ ಆ ಎಚ್ಚರಿಕೆ ಅನಗತ್ಯವಾಗಿತ್ತು ಎನ್ನಲು ಮನಸ್ಸಾಗಲಾರದು. ಅಂದಹಾಗೆ, ಆ ತೀರ್ಮಾನವಾಗಿ ಒಂದು ತಿಂಗಳಾಗುವಷ್ಟರಲ್ಲಿ, ಜುಲೈ 1ರಂದು, ನರಸಿಂಗ ರಾಯರ ತಮ್ಮ ಬೆನಗಲ್ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಜಿಲ್ಲೆಗೆ ಒಬ್ಬ ಗವರ್ನರ್ ಸಿಕ್ಕಂತಾಯಿತು, ಅದೂ ನೇಮಕದಿಂದಲೇ.

ಓಟಿಗೆ ಅಂಟಿದ್ದ ಆಸ್ತಿಯ ಷರತ್ತು ಮಾತ್ರ ಹೊಸ ಸಂವಿಧಾನದಲ್ಲಿ ಹೋಯಿತು. ಮೊದಲ ಮಹಾಚುನಾವಣೆಯಲ್ಲಿ ಚಾಲಗೇಣಿಯ ಒಕ್ಕಲು, ದೋಣಿಯ ತಂಡೇಲ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು, ವರ್ಗದಾರ ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಮುಸ್ಲಿಮರಿಗೊಂದು, ಕ್ರೈಸ್ತರಿಗೊಂದು ಎಂಬ ಪಟ್ಟಿಗಳೂ ಇರಲಿಲ್ಲ. ಜಿಲ್ಲೆಯ ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಗೆದ್ದವರು ಬೆನಗಲ್ ಸೋದರರಲ್ಲಿ ಇನ್ನೊಬ್ಬರಾದ, ಪತ್ರಕರ್ತ ಶಿವರಾಯರು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಹಿಂದಿನ ರಾತ್ರಿ ಉಳ್ಳಾಲದವರು ಮಲಗುವಾಗ ಅವರ ರಾಜ್ಯಪಾಲರು ಮದರಾಸಿನ ಶ್ರೀಪ್ರಕಾಶ. ಬೆಳಿಗ್ಗೆ ಏಳುವಾಗ ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು.